ಟವಲ್ ಎಸೆಯಲು ಕಿಟಕಿಯಿಲ್ಲದ ವಾಹನ

ದೇವರು ನನಗೆ ಕೊಟ್ಟಿರುವ ಪ್ರತಿಭೆ ಒಂದೇ ಒಂದು, ಬಸ್ಸಿನಲ್ಲಿ ಸೀಟು ಹಿಡಿಯುವುದು. ಮದ್ದೂರಿನ ಮನೆಯಿಂದ ಮಳವಳ್ಳಿಯ ಹೈಸ್ಕೂಲಿಗೆ ಇಪ್ಪತ್ತೆರಡು ವರ್ಷದಿಂದ ಬಸ್ಸಿನಲ್ಲೇ ಓಡಾಡುತ್ತಿರುವ ಮೇಷ್ಟ್ರು ನಾನು. ಬಸ್ಸು ಸ್ಟ್ಯಾಂಡಿನೊಳಕ್ಕೆ ತಿರುಗುತ್ತಿದ್ದಂತೆಯೇ ಅದರ ಪಕ್ಕದಲ್ಲಿ ಓಡುತ್ತಾ, ಕಿಟಕಿಯಿಂದ ಟವಲ್ ಎಸೆದೆನೆಂದರೆ ಮುಗಿಯಿತು, ಆ ಸೀಟು ನನ್ನದು. ನಮ್ಮ ಕಡೆ ಟವಲ್ ಬಿದ್ದ ಸೀಟಿನ ಮೇಲೆ ಇನ್ನೊಬ್ಬ ಕೂರುವುದಿಲ್ಲ. ಕೂತರೆ ಊರೇ ಅವನನ್ನು ಬೈಯುತ್ತದೆ. ಇಂಥ ನನಗೆ ಕಿಟಕಿ ತೆರೆಯದ ವಾಹನವೊಂದರಲ್ಲಿ ಸೀಟು ಹಿಡಿಯುವ ಪ್ರಸಂಗ ಬರುತ್ತದೆಂದು ಯಾರು ಕಂಡಿದ್ದರು?

ಬಂದದ್ದು ಮಗಳು ಚೈತ್ರಳಿಂದ. ಅವಳಿಗೆ ವಿಮಾನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ವರ್ಷ ತುಂಬಿದ ಮೇಲೆ, ಅಪ್ಪ ಅಮ್ಮನೂ ಬಿಟ್ಟಿಯಾಗಿ ಹಾರಬಹುದು ಎಂದು ಫೋನ್ ಮಾಡಿದಳು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನನ್ನ ಹೆಂಡತಿ ಭಾಗ್ಯಳ ತಂಗಿ ಲತಾ ದೆಹಲಿಯಲ್ಲಿ ಮನೆ ಕಟ್ಟಿಸಿದ್ದಳು. ಭಾನುವಾರ ಬೆಳಿಗ್ಗೆ ಗೃಹಪ್ರವೇಶ. "ಅಕ್ಕ, ಒಲೆ ಮೇಲೆ ಹಾಲುಕ್ಕಿಸೋಕೆ ನೀನೇ ಬರ್ಬೇಕು ಕಣಕ್ಕ" ಎಂದು ತಿಂಗಳಿಂದ ಅಳುತ್ತಿದ್ದಳು. ಭಾಗ್ಯಳದು ಕೊಕ್ಕರೆ ಬೆಳ್ಳೂರು. ಎಲ್ಲೆಲ್ಲಿಂದಲೋ ಹಾರಿ ಬಂದ ಹಕ್ಕಿಗಳನ್ನು ಹುಟ್ಟಿದಾಗಿನಿಂದ ನೋಡಿದವಳು ತಾನು ಮಾತ್ರ ನೆಲ ಬಿಟ್ಟು ಮೇಲೆದ್ದವಳಲ್ಲ. ಆ ದಿನ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾನೂ ಅದನ್ನು ಎರಡು ಸಲ ಬಡಿಸಿಕೊಂಡು ಉಂಡೆ.

ಆಮೇಲೆ ಮಗಳು ಷರತ್ತುಗಳನ್ನು ಹೇಳಿದಳು. ಇದು ಸ್ಟ್ಯಾಂಡ್‌ಬೈ ಟಿಕೆಟ್ಟು. ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ನಮಗೆ, ಇಲ್ಲದಿದ್ದರೆ ಮುಂದಿನ ವಿಮಾನಕ್ಕೆ ಕಾಯಬೇಕು. ಚಪ್ಪಲಿ ಕೂಡದು, ಶೂ ಹಾಕಬೇಕು. ಬಿಟ್ಟಿ ಬಂದಿದ್ದೇವೆಂದು ಪಕ್ಕದವರ ಹತ್ತಿರ ಕೊಚ್ಚಿಕೊಳ್ಳಬಾರದು. ಕೌಂಟರಿನಲ್ಲಿ ಜಗಳ ಆಡಲೇಬಾರದು. ಸೀಟಿಲ್ಲದಿದ್ದರೆ ನಿಂತೇ ಹೋಗುತ್ತೇವೆ, ಎರಡೂವರೆ ಗಂಟೆ ತಾನೇ, ಮೇಲೆ ಹಿಡಿದುಕೊಳ್ಳಲು ಕಂಬಿ ಇರುತ್ತದಲ್ಲವೇ ಎಂದು ಕೇಳಿದೆ. "ಅಪ್ಪಾ, ಏರ್‌ಪೋರ್ಟಲ್ಲಿ ದಯವಿಟ್ಟು ಇದನ್ನ ಯಾರನ್ನೂ ಕೇಳ್ಬೇಡ" ಎಂದಳು.

ನಾನು ಮಾಡಿದ ತಪ್ಪೆಂದರೆ ಸ್ಕೂಲಿನಲ್ಲಿ ಹೇಳಿದ್ದು. ಶುಕ್ರವಾರವೇ ಸ್ಟಾಫ್ ರೂಮಿನಲ್ಲಿ ನನಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದರು. ನಮ್ಮ ಕಡೆ ಒಬ್ಬನಿಗೆ ಹಾರ ಹಾಕಲು ಕಾರಣ ಬೇಕಾಗಿಲ್ಲ, ಹಾರ ಒಂದಿದ್ದರೆ ಸಾಕು. ಇದೆಲ್ಲ ಪಿ.ಇ. ಮೇಷ್ಟ್ರು ಶಿವಲಿಂಗನ ಏರ್ಪಾಡು. ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. "ಓಗ್ಬುಟ್ಟು ಬಾ ಕಣ್ಲಾ. ಸೋಮವಾರ ಬಂದು ಎಲ್ಲಾನೂವೆ ಯೋಳ್ಬೇಕು" ಎಂದು ಬೆನ್ನಿಗೆ ಗುದ್ದಿದ. ಹಾರ ಹಾಕಿಸಿಕೊಂಡವನು ಹಾರದೆ ಬರುವಂತಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆಲ್ಲ ಬೆಂಗಳೂರಿನಲ್ಲಿ ವಿಮಾನದ ಗೇಟಿನ ಮುಂದೆ ಹಾಜರು. ಹೊಸ ಶೂ ಕಚ್ಚುತ್ತಿತ್ತು. ಲತಾಳಿಗೆಂದು ತಂದ ಮದ್ದೂರು ವಡೆಯ ಪೊಟ್ಟಣ ಭಾಗ್ಯಳ ತೊಡೆಯ ಮೇಲಿತ್ತು. ಕಾಯುವವರ ಪಟ್ಟಿಯಲ್ಲಿ ನಮ್ಮದು ಏಳು, ಎಂಟು. ಮೊದಲ ವಿಮಾನ ನಮ್ಮ ಮುಂದಿನ ನಾಲ್ವರನ್ನು ಹತ್ತಿಸಿಕೊಂಡು ಭರ್ತಿಯಾಗಿ ಹೋಯಿತು. ನಾವು ಎರಡು ವಡೆ ತಿಂದೆವು. ಎರಡನೆಯದಕ್ಕೆ ನಾವು ಮೂರು, ನಾಲ್ಕಕ್ಕೆ ಏರಿದೆವು. ಅಯ್ಯೋ, ಪಟ್ಟಿ ತೋರಿಸುವ ಆ ಪರದೆಯ ಮುಂದೆ ನಿಂತ ನನ್ನ ಪಾಡು ಏನು ಹೇಳಲಿ! ನಲವತ್ತು ಮಕ್ಕಳಿಗೆ ನೀತಿ ಹೇಳುವ ನಾನು, ಬರಬೇಕಾದವರ ಕಾರು ಎಲ್ಲಾದರೂ ಪಂಕ್ಚರ್ ಆಗಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇನ್ನು ಎರಡು ನಿಮಿಷ ಇರುವಾಗ ಒಂದು ಸಂಸಾರ ಏದುಸಿರು ಬಿಡುತ್ತಾ ಓಡಿ ಬಂತು. ಯಜಮಾನ ನನ್ನ ಮುಖ ನೋಡಿ, ತನ್ನ ಕಡೆಯವನೇ ಇರಬೇಕೆಂದುಕೊಂಡು, "ಸೋಮನಹಳ್ಳಿ ತಾವ ಟೈರು ಪಂಚರ್ ಆಗೋಯ್ತು ಸಾ. ದೇವ್ರು ದೊಡ್ಡೋನು, ಸಿಕ್ತು" ಎಂದ. ದೇವರು ನನ್ನ ಮೊರೆ ಅರ್ಧ ಕೇಳಿದ್ದ. ನಾವು ಇನ್ನೂ ನಾಲ್ಕು ವಡೆ ತಿಂದೆವು.

ಸಂಜೆ ನಾಲ್ಕರದು ಮಗಳ ಕಂಪನಿಯ ಆ ದಿನದ ಕೊನೆಯ ವಿಮಾನ. ಅದು ತಪ್ಪಿದರೆ ಲತಾಳ ಮನೆಯ ಹಾಲೂ ತಪ್ಪಿದಂತೆ. ಈಗ ಪಟ್ಟಿಯಲ್ಲಿ ನಾವೇ ಒಂದು, ಎರಡು. ನಮ್ಮ ಹಿಂದೆ ಒಬ್ಬ ಬಸುರಿ ಹುಡುಗಿ ಮತ್ತು ಅವಳ ತಾಯಿ. ಹುಡುಗಿಯ ಗಂಡನೂ ಇದೇ ಕಂಪನಿಯಲ್ಲಿ ಸಾಮಾನು ಇಳಿಸುವ ಕೆಲಸದಲ್ಲಿದ್ದಾನಂತೆ. ದೆಹಲಿಯ ಆಚೆ ಎಲ್ಲೋ ತವರು, ಬಾಣಂತನಕ್ಕೆ ಹೊರಟಿದ್ದಳು. ಅವರಿಗೆ ಕನ್ನಡ ಬಾರದು, ಭಾಗ್ಯಳಿಗೆ ಹಿಂದಿ ಬಾರದು. ಆದರೂ ಬೆರಳು ತೋರಿಸಿ ತೋರಿಸಿ ಏಳು ತಿಂಗಳೆಂದು ತಿಳಿದುಕೊಂಡಿದ್ದಳು. ಅವರೂ ಬೆಳಗಿನಿಂದ ಕಾಯುತ್ತಿದ್ದರು. ಪಾದ ಊದಿ, ಹುಡುಗಿ ಶೂ ಬಿಚ್ಚಿದ್ದಳು. ಉಳಿದ ವಡೆ ಅವಳ ಹೊಟ್ಟೆ ಸೇರಿತ್ತು.

ಕೌಂಟರಿನ ಹುಡುಗಿ ನಮ್ಮ ಹೆಸರು ಕೂಗಿದಳು. ಎರಡೇ ಸೀಟು, ಎರಡೂ ನಮ್ಮವೇ! ನಾನು ಓಡಿದೆ. ಬೋರ್ಡಿಂಗ್ ಪಾಸುಗಳು ಕೈಗೆ ಬಂದವು, ಬಿಸಿ ಬಿಸಿ ದೋಸೆಯ ಹಾಗಿದ್ದವು. ಒಂದರಲ್ಲಿ ಕಿಟಕಿ ಪಕ್ಕದ ಸೀಟು. ತಿರುಗಿ ನೋಡಿದರೆ ಭಾಗ್ಯ ನಿಂತಲ್ಲೇ ನಿಂತಿದ್ದಾಳೆ, ಆ ಹುಡುಗಿಯ ಕೈ ಹಿಡಿದುಕೊಂಡು.

"ಇವ್ರಿಗೆ ಕೊಟ್ಬುಡಿ" ಎಂದಳು.

ನನಗೆ ಪಿತ್ತ ನೆತ್ತಿಗೇರಿತು. ನಿನ್ನ ತಂಗಿ, ಹಾಲು, ಶಾಲು, ಹಾರ ಎಂದು ಏನೇನೋ ಹೇಳಿದೆ.

"ಹಾಲು ಯಾರು ಇಟ್ರೂ ಉಕ್ತದೆ. ನಮ್ಮೂರಲ್ಲಿ ಬಾಣಂತನಕ್ಕೆ ಬಂದ ಕೊಕ್ಕರೆಗೇ ಹಿತ್ತಿಲ ಮರ ಬುಟ್ಕೊಡ್ತೀವಿ. ಇವ್ಳು ಮನುಸ್ಯಳು ಕಣ್ರೀ."

ಹೇಳುವಾಗ ಅವಳ ಕಣ್ಣು ತುಂಬಿತ್ತು, ಅದನ್ನು ನಾನು ನೋಡಿದೆ. ಆದರೂ ನಿಜ ಹೇಳಿಬಿಡುತ್ತೇನೆ, ಕೌಂಟರಿನ ಹುಡುಗಿ ಪಾಸುಗಳನ್ನು ನನ್ನ ಕೈಯಿಂದ ಎರಡು ಸಲ ಎಳೆಯಬೇಕಾಯಿತು. ಮೊದಲನೇ ಸಲ ನಾನು ಬಿಡಲಿಲ್ಲ. ಬಸುರಿಯ ತಾಯಿ ಭಾಗ್ಯಳನ್ನು ತಬ್ಬಿಕೊಂಡು ಹಿಂದಿಯಲ್ಲಿ ಏನೋ ಹೇಳಿದಳು. ಭಾಗ್ಯ ಕನ್ನಡದಲ್ಲಿ "ಊಂ ಕಣವ್ವ, ಉಸಾರು" ಎಂದಳು. ವಿಮಾನ ಎದ್ದಾಗ ನಾವು ಗಾಜಿನ ಈಚೆ ನಿಂತು ಟಾಟಾ ಮಾಡಿದೆವು.

ಬೆಂಗಳೂರಿನ ಬಸ್ ಸ್ಟ್ಯಾಂಡಿಗೆ ಬಂದಾಗ ಮದ್ದೂರಿನ ಬಸ್ಸಿಗೆ ಜನವೋ ಜನ. ನನ್ನ ರಕ್ತ ಮತ್ತೆ ಬಿಸಿಯಾಯಿತು. ಬ್ಯಾಗಿನಿಂದ ಟವಲ್ ತೆಗೆದು, ಕಚ್ಚುವ ಶೂವಿನಲ್ಲೇ ಓಡಿ, ಎಸೆದೆ ನೋಡಿ, ಎರಡು ಸೀಟಿನ ಮೇಲೂ ಹರಡಿಕೊಂಡು ಬಿತ್ತು! ರಾಜನ ಹಾಗೆ ಕೂತೆ. ಬಿಡದಿಯಲ್ಲಿ ಕೋಲೂರಿಕೊಂಡ ಅಜ್ಜಿಯೊಬ್ಬಳು ಹತ್ತಿದಳು. ಭಾಗ್ಯ ನನ್ನನ್ನು ನೋಡಿದಳು ಅಷ್ಟೆ. ನಾನು ಕಿಟಕಿಯ ಆಚೆ ನೋಡಿದೆ. ಅವಳು ನೋಡುತ್ತಲೇ ಇದ್ದಳು. ಎದ್ದೆ.

ಭಾನುವಾರ ಲತಾಳ ಮನೆಯ ಹಾಲು ಭಾಗ್ಯಳ ಫೋನಿನಲ್ಲಿ ಉಕ್ಕಿತು. ಲತಾ ಅಕ್ಕನನ್ನು ಚೆನ್ನಾಗಿ ಬೈದಳು, ಆಮೇಲೆ ಇಬ್ಬರೂ ಅತ್ತರು, ಆಮೇಲೆ ಇಬ್ಬರೂ ನಕ್ಕರು. ನನಗೆ ಇದ್ದದ್ದು ಸೋಮವಾರದ ಚಿಂತೆ. ಸ್ಟಾಫ್ ರೂಮಿಗೆ ಕಾಲಿಟ್ಟೆನೋ ಇಲ್ಲವೋ, ಶಿವಲಿಂಗ ಕುರ್ಚಿ ಎಳೆದು ಕೂರಿಸಿ, ಎಲ್ಲರೂ ಸುತ್ತುಗಟ್ಟುವಂತೆ ಮಾಡಿ, "ಎಂಗಿತ್ಲಾ ಪ್ರಯಾಣ?" ಎಂದ.

ಅವನು ಕೇಳಿದ್ದು ಪ್ರಯಾಣದ ಬಗ್ಗೆ. ಯಾವ ವಾಹನ ಎಂದು ಕೇಳಲಿಲ್ಲ. ಪಾಠ ಹೇಳುವವನು ಸುಳ್ಳು ಹೇಳಬಾರದು.

"ಫುಲ್ ರಶ್ಶು ಕಣ್ಲಾ. ಸೀಟು ಸಿಕ್ತು, ಆದ್ರೂ ಒಂದು ಅಜ್ಜಿಗೆ ಬುಟ್ಕೊಟ್ಟು ಕಂಬಿ ಇಡ್ಕೊಂಡು ನಿಂತೇ ಬಂದೆ" ಎಂದೆ.

ಶಿವಲಿಂಗ ಬಹಳ ಹೊತ್ತು ನನ್ನ ಊದಿದ ಕಾಲನ್ನೇ ನೋಡಿದ. ಆಮೇಲೆ ತಲೆದೂಗಿ, ವಿಮಾನದಲ್ಲೂ ನಿಂತು ಬರಬೇಕು, ಅದಕ್ಕೇ ಬಿಟ್ಟಿ ಕರೆದುಕೊಂಡು ಹೋಗುತ್ತಾರೆ ಎಂದು ಎಲ್ಲರಿಗೂ ವಿವರಿಸಿದ. ಶಾಲನ್ನು ಮಾತ್ರ ನಾನಿನ್ನೂ ಬೀರುವಿನಿಂದ ಈಚೆಗೆ ತೆಗೆದಿಲ್ಲ. ಭಾಗ್ಯ ಅದನ್ನು ನೋಡಿದಾಗಲೆಲ್ಲ ನಗುತ್ತಾಳೆ.