ಹತ್ತಕ್ಕೊಂದು ತಪಾಸಣೆ

ಹೆಂಡತಿ: ಮತ್ತೆ ಕಿತ್ತಿರಾ?

ಗಂಡ: ಕಿತ್ತಿಲ್ಲ ಕಣೇ. ಎತ್ತಿ ನೋಡ್ತಿದ್ದೀನಿ.

ಹೆಂಡತಿ: ಬೇರು ಮೇಲಿದೆ, ಎಲೆ ಕೆಳಗಿದೆ. ಇದಕ್ಕೆ ಎಲ್ಲರೂ ಕೀಳೋದು ಅಂತಲೇ ಅಂತಾರೆ.

ಕಾಂಪೌಂಡ್ ಗೋಡೆಯ ಬದಿಗೆ, ದಿನವಿಡೀ ಬಿಸಿಲು ಬೀಳುವ ಉದ್ದನೆಯ ಪಾತಿ. ಅದರಲ್ಲಿ ಹುಲ್ಲಿನಂಥ ಸಣಕಲು ಎಲೆಗಳ ಒಂಬತ್ತು ಸೈಬೀರಿಯನ್ ಐರಿಸ್ ಗಿಡಗಳು. ಹತ್ತನೆಯದು ಯಜಮಾನರ ಕೈಯಲ್ಲಿ ತಲೆಕೆಳಗಾಗಿ ನೇತಾಡುತ್ತಿದೆ. ಇವರು ಮೂವತ್ತೊಂದು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ ತಪಾಸಣೆಗಾರರಾಗಿದ್ದವರು. ಹತ್ತು ಗಡಿಯಾರಕ್ಕೆ ಒಂದನ್ನು ಬಿಚ್ಚಿ ಒಳಗೆ ನೋಡುವುದು ಕೆಲಸ. ನಿವೃತ್ತಿಯಾದ ವಾರವೇ ನೀಲಿ ಹೂವಿನ ಚಿತ್ರಕ್ಕೆ ಮನಸೋತು ಈ ಗಿಡಗಳನ್ನು ತರಿಸಿದರು. ಅಂದಿನಿಂದ ಮೂರು ವರ್ಷ, ಭಾನುವಾರಕ್ಕೊಂದು ಗಿಡ ಎತ್ತಿ, ಬೇರು ನೋಡಿ, ಮತ್ತೆ ನೆಡುತ್ತಿದ್ದಾರೆ. ಗಡಿಯಾರಗಳು ಇದಕ್ಕೆಲ್ಲ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಗಂಡ: ಬಿಸಿಲಿದೆ, ಗೊಬ್ಬರ ಇದೆ, ನೀರು ಬಿಡ್ತೀನಿ. ಹೂವು ಮಾತ್ರ ಇಲ್ಲ. ದೋಷ ಎಲ್ಲೋ ಒಳಗೇ ಇದೆ.

ಹೆಂಡತಿ: ಒಳಗಿಲ್ಲ ರೀ, ಹೊರಗೇ ಕೂತಿದೆ. ಕೈಗುದ್ದಲಿ ಹಿಡ್ಕೊಂಡು.

ಗಂಡ: ತಪಾಸಣೆ ಮಾಡದೆ ಮಾಲು ಸರಿಯಾಗಿ ಬರುತ್ತಾ?

ಹೆಂಡತಿ: ಮಗಳನ್ನ ಹೆತ್ತು ಬೆಳೆಸಿದೆ. ಒಂದು ದಿನಾನೂ ಬಿಚ್ಚಿ ನೋಡ್ಲಿಲ್ಲ.

ಗಂಡ: ತಿಂಗಳು ತಿಂಗಳು ತೂಕ ಬರೆದಿಟ್ಟೋನು ನಾನು.

ಅವರು ಗಿಡವನ್ನು ಮತ್ತೆ ಗುಂಡಿಗಿಳಿಸಿ ಮಣ್ಣು ಒತ್ತಿ, ಅಲ್ಲೇ ಕೂತರು.

ಗಂಡ: ಒಂದು ಮಾತು ಹೇಳ್ತೀನಿ, ನಗಬಾರದು.

ಹೆಂಡತಿ: ಮೊದಲು ಹೇಳಿ. ನಗೋದು ಆಮೇಲೆ ನೋಡೋಣ.

ಮಾತು ಇಷ್ಟೇ. ಕಾರ್ಖಾನೆಯಲ್ಲಿ ಪಕ್ಕದ ಮೇಜಿನಲ್ಲಿದ್ದ ಗೆಳೆಯ ಫೋನು ಮಾಡಿ ತನ್ನ ಗುಲಾಬಿಗಳ ಬಗ್ಗೆ ಜಂಬ ಕೊಚ್ಚಿಕೊಂಡಿದ್ದ. ಇವರಿಗೆ ತಡೆಯಲಾಗದೆ, ನಮ್ಮಲ್ಲಿ ಗೋಡೆಯುದ್ದಕ್ಕೂ ನೀಲಿ ಹೂವು ಎಂದುಬಿಟ್ಟಿದ್ದರು. ಆ ಗೆಳೆಯ ಇನ್ನರ್ಧ ಗಂಟೆಯಲ್ಲಿ ಹೂವು ನೋಡಲು ಬರುತ್ತಾನೆ. ಅದಕ್ಕೆ ಮೊದಲು ಅವನ ಮುಂದೆ ಒಂದೂ ಸುಳ್ಳು ಹೇಳಿದವರಲ್ಲ. ಮುಖ ಎಲ್ಲಿಡುವುದೋ ತಿಳಿಯದೆ ಕೂತ ಗಂಡನನ್ನು ನೋಡಿ ಆಕೆಗೆ ನಿಜಕ್ಕೂ ಅಯ್ಯೋ ಅನಿಸಿತು.

ಹೆಂಡತಿ: ಏಳಿ, ಹಿತ್ತಲಿಗೆ ಬನ್ನಿ. ಕೈಗುದ್ದಲಿ ಇಲ್ಲೇ ಇರಲಿ.

ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನಾಚೆ, ಸದಾ ತೇವವಾಗಿದ್ದ ಬಿಸಿಲಿನ ಜಾಗದಲ್ಲಿ, ಸೊಂಟದೆತ್ತರ ಬೆಳೆದ ಎಲೆಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ನೀಲಿ ಹೂವು ಅರಳಿ ನಿಂತಿದ್ದವು.

ಗಂಡ: ಇದು ಎಲ್ಲಿಂದ ಬಂತು?

ಹೆಂಡತಿ: ಮೊದಲನೇ ವಾರ, ಬೇರು ಕಪ್ಪಗಿದೆ, ಮಾಲು ಸರಿಯಿಲ್ಲ ಅಂತ ಒಂದನ್ನ ಎಸೆದ್ರಲ್ಲ. ಅದನ್ನೇ ತಂದು ಇಲ್ಲಿ ನೆಟ್ಟೆ.

ಗಂಡ: ಮೂರು ವರ್ಷ ಬಾಯಿ ಬಿಡ್ಲಿಲ್ವಲ್ಲ ನೀನು.

ಹೆಂಡತಿ: ಬಿಟ್ಟಿದ್ರೆ ನೀವು ಎತ್ತಿ ನೋಡ್ತಿದ್ರಿ. ಬಟ್ಟೆ ಒಗೆಯೋ ಕಲ್ಲಿನ ಹತ್ರ ಮಾತ್ರ ನೀವು ಸುಳಿಯಲ್ಲ ಅನ್ನೋ ಧೈರ್ಯ ಇತ್ತು.

ಅವರಿಗೆ ಹಿಗ್ಗೂ ಆಯಿತು, ನಾಚಿಕೆಯೂ ಆಯಿತು. ಒಂದು ಎಸಳನ್ನು ಬೆರಳ ತುದಿಯಿಂದ ಮುಟ್ಟಿ ಕೈ ಹಿಂದೆ ತೆಗೆದುಕೊಂಡರು. ಅಷ್ಟರಲ್ಲಿ ಗೆಳೆಯ ಬಂದ. ಗಿಡದ ಸುತ್ತ ಎರಡು ಸುತ್ತು ಹಾಕಿದ, ಕನ್ನಡಕ ಸರಿಪಡಿಸಿಕೊಂಡು ಬಗ್ಗಿದ.

ಗೆಳೆಯ: ಮೇಲೆ ಚೆನ್ನಾಗಿದೆ. ಬೇರು ಹೇಗಿದೆಯೋ? ಒಂದು ಎತ್ತಿ ನೋಡೋಣ್ವಾ?

ಗಂಡ (ಕೈ ಅಡ್ಡ ಹಿಡಿದು): ನಿನಗೇನು ತಲೆ ಕೆಟ್ಟಿದೆಯೇನೋ? ಚೆನ್ನಾಗಿರೋ ಗಿಡಾನ ಯಾರಾದ್ರೂ ಕಿತ್ತು ನೋಡ್ತಾರಾ?

ಗೆಳೆಯ: ನನ್ನ ಗುಲಾಬೀನ ನಾನು ವಾರ ವಾರಾನೂ ನೋಡ್ತೀನಪ್ಪ.

ಹೆಂಡತಿ: ಹೂವು ಹೇಗೆ ಬಿಟ್ಟಿದೆ ಅಣ್ಣ?

ಗೆಳೆಯ ಕನ್ನಡಕ ತೆಗೆದು ಒರೆಸಿಕೊಂಡ.

ಗೆಳೆಯ: ಫೋನಿನಲ್ಲಿ ಹೇಳುವಾಗ ಚೆನ್ನಾಗಿಯೇ ಬಿಟ್ಟಿತ್ತಮ್ಮ.