ಕುಂಕುಮ ತಿಂದ ಫ್ಲಾಪಿ ಡ್ರೈವ್

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಾಲಚಂದ್ರ ವಿಶಾಖಪಟ್ಟಣದ ತನ್ನ ಬಾಡಿಗೆ ಮನೆಯ ಹಾಲಿನಲ್ಲಿ ಕೂತು, ಕನ್ನಡಕ ಒರೆಸುವ ಬಟ್ಟೆಯಿಂದ ಮೂರು ಫ್ಲಾಪಿಗಳನ್ನು ಒರೆಸುತ್ತಿದ್ದ. ಎದುರಿಗೆ, ಮದುವೆಯಾದ ವರ್ಷ ವಿಜಯವಾಡದಲ್ಲಿ ಕೊಂಡ ಕಂಪ್ಯೂಟರು ಪಟ್ಟಾಭಿಷೇಕಕ್ಕೆ ಕಾದು ಕಾದು ಮುದಿಯಾದ ಯುವರಾಜನಂತೆ ಕೂತಿತ್ತು.

ಅಂದು ಅದರ ವಿಚಾರಣೆಯ ದಿನ. ಆ ಮೂಲೆಗೆ ಹೆಂಡತಿ ಪದ್ಮಾಳ ಹೊಲಿಗೆ ಮಿಷನ್ ಬರಬೇಕಿತ್ತು. ಹಳೇ ಸಾಮಾನು ಕೊಳ್ಳುವ ಕಾಮೇಶ್ವರನಿಗೆ ಅವಳು ಬರಲು ಹೇಳಿಯೂ ಆಗಿತ್ತು. ಗಂಡ ವಾರವಿಡೀ ವಾದಿಸಿ ಪಡೆದ ರಿಯಾಯಿತಿ ಇಷ್ಟೇ: ಕಾಮೇಶ್ವರ ಬಂದು ಹೋಗುವುದರೊಳಗೆ ಪೆಟ್ಟಿಗೆ ಕೆಲಸ ಮಾಡಿ ತೋರಿಸಿದರೆ ಉಳಿಯುತ್ತದೆ, ಇಲ್ಲವಾದರೆ ಅವನ ಆಟೊ ಹತ್ತುತ್ತದೆ.

ತೋರಿಸಲು ಬಾಲಚಂದ್ರ ಆರಿಸಿಕೊಂಡದ್ದು ಇಟ್ಟಿಗೆ ಒಡೆಯುವ ಆಟ. ಕೆಳಗೊಂದು ಹಲಗೆ, ಮೇಲೆ ಇಟ್ಟಿಗೆಯ ಗೋಡೆ, ನಡುವೆ ಪುಟಿಯುವ ಚೆಂಡು. ವಿಜಯವಾಡದಲ್ಲಿದ್ದಾಗ ಈ ಆಟದಲ್ಲಿ ಹದಿಮೂರು ಸಾವಿರದ ನಾನೂರ ಹತ್ತು ಅಂಕ ಗಳಿಸಿದ್ದೆ ಎಂದು ಅವನು ಬ್ಯಾಂಕಿನ ಬೀಳ್ಕೊಡುಗೆಗಳಲ್ಲಿ, ನೆಂಟರ ನಿಶ್ಚಿತಾರ್ಥಗಳಲ್ಲಿ, ಒಮ್ಮೆ ಹಲ್ಲು ಕೀಳಲು ಬಂದ ದಂತವೈದ್ಯರಿಗೂ ಹೇಳಿದ್ದ. ಪಕ್ಕದಲ್ಲಿದ್ದ ಪದ್ಮಾ ಪ್ರತಿ ಸಲವೂ ‘ಹೂಂ’ ಅಂದಿದ್ದಳು.

ಸಮುದ್ರದ ಗಾಳಿಗೆ ಫ್ಲಾಪಿಗಳಿಗೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಹಾರ್ಡ್ ಡಿಸ್ಕಿಗೆ ಇಳಿಸಿಬಿಟ್ಟರೆ ಆಟ ಅಮರ, ಎಲ್ಲ ಸೇರಿ ಹತ್ತೇ ನಿಮಿಷದ ಕೆಲಸ ಎಂದು ಹೆಂಡತಿಗೆ ಪಾಠ ಮಾಡಿ ಅವನು ಮೊದಲ ಫ್ಲಾಪಿ ತುರುಕಿದ. ಒಣ ಅವಲಕ್ಕಿ ಗಂಟಲಿಗೆ ಸಿಕ್ಕವರಂತೆ ಡ್ರೈವು ಕೆಮ್ಮಿತು. ಪರದೆಯ ಮೇಲೆ ಪ್ರಶ್ನೆಯೊಂದು ಮೂಡಿತು: ಅಬಾರ್ಟ್, ರಿಟ್ರೈ, ಫೇಲ್?

“ಮೂರರಲ್ಲಿ ಯಾವುದಾದ್ರೂ ಒಂದು ಮಾಡಿ ರೀ. ಪಾಪ, ಎಷ್ಟು ಮರ್ಯಾದೆಯಿಂದ ಕೇಳ್ತಿದೆ” ಎಂದಳು ಪದ್ಮಾ.

ಅವನು ಎರಡನೆಯದನ್ನೇ ಮತ್ತೆ ಮತ್ತೆ ಮಾಡಿದ. ಕೆಮ್ಮು ಜೋರಾಯಿತು. ಆಗ ಅವನೊಳಗಿನ ಬಿ.ಎಸ್ಸಿ. ಎದ್ದು ಕೂತಿತು. ಇದು ಧೂಳು, ಧೂಳಿಗೆ ಮದ್ದು ಗಾಳಿ. ಹಿಂದಿನ ತಿರುಪು ಬಿಚ್ಚಿ, ಪದ್ಮಾಳ ಹೇರ್ ಡ್ರೈಯರ್ ಒಳಗೆ ತೂರಿಸಿ, ಗರಿಷ್ಠ ವೇಗಕ್ಕೆ ಒತ್ತಿ, ಏನು ಹೊರಬರುತ್ತದೆಂದು ನೋಡಲು ಮುಂದಿನಿಂದ ಬಗ್ಗಿದ.

ಬಂದದ್ದು ಕುಂಕುಮ. ಹಿಡಿಗಟ್ಟಲೆ ಕುಂಕುಮ.

ಎಷ್ಟೇ ವಿಜ್ಞಾನ ಓದಿದ್ದರೂ ಆಯುಧಪೂಜೆಯ ವಿಷಯದಲ್ಲಿ ಬಾಲಚಂದ್ರ ರಾಜಿಯಾದವನಲ್ಲ. ವಿಜಯವಾಡದ ಕನಕದುರ್ಗಮ್ಮನ ಕುಂಕುಮವನ್ನು ವರ್ಷ ವರ್ಷವೂ ತರಿಸಿ ಪೆಟ್ಟಿಗೆಗೆ ಇಡುತ್ತಿದ್ದ. ಪರದೆಗೆ ಇಟ್ಟರೆ ಕಲೆಯಾಗುತ್ತದೆ, ಕೀಲಿಮಣೆಗೆ ಇಟ್ಟರೆ ಅಂಟಾಗುತ್ತದೆ ಎಂದು ತುಂಬ ಯೋಚಿಸಿ, ಯಾರಿಗೂ ತೊಂದರೆಯಾಗದ ಜಾಗವೆಂದು ಅವನು ಆರಿಸಿದ್ದು ಫ್ಲಾಪಿ ಡ್ರೈವಿನ ಬಾಗಿಲು. ಅಮ್ಮನವರು ಅಷ್ಟನ್ನೂ ಒಳಗೆ ಕೂಡಿಟ್ಟುಕೊಂಡು ಈಗ ಬಡ್ಡಿ ಸಮೇತ ಮುಖಕ್ಕೆ ಎರಚಿದ್ದರು.

ಅದೇ ಹೊತ್ತಿಗೆ ಕಾಮೇಶ್ವರ ಹಗ್ಗ ಹಿಡಿದು ಬಾಗಿಲಿಗೆ ಬಂದ. ನೆಲ ಕೆಂಪು, ಪೆಟ್ಟಿಗೆ ಕೆಂಪು, ಅದರ ಮುಂದೆ ಮಂಡಿಯೂರಿದ ಬ್ಯಾಂಕ್ ಆಫೀಸರೂ ಕೆಂಪು. ಅವನು ಚಪ್ಪಲಿ ಬಿಟ್ಟು ಕೈಮುಗಿದು, “ಪೂಜಲೋ ಉನ್ನಾರಾ ಸಾರ್? ತರ್ವಾತ ವಸ್ತಾನಂಡಿ” ಎಂದು, ಪೂಜೆ ಮುಗಿದ ಮೇಲೆ ಬರುವವನಂತೆ ಹಿಂದೆ ಸರಿದ. ಪೂಜೆ ಮುಗಿದಿದೆ, ವಿಸರ್ಜನೆ ಒಂದೇ ಬಾಕಿ ಎಂದು ಪದ್ಮಾ ತೆಲುಗಿನಲ್ಲೇ ಸಮಾಧಾನ ಹೇಳಿ, ಕೂರಿಸಿ, ಮಜ್ಜಿಗೆ ಕೊಟ್ಟಳು. ಲೋಟ ಖಾಲಿಯಾಗುವವರೆಗೆ ಗಡುವು ಎಂದು ಗಂಡನಿಗೆ ಕಣ್ಣಿನಲ್ಲೇ ತಿಳಿಸಿದಳು.

ಬಾಲಚಂದ್ರ ಹತ್ತಿಗೆ ಸ್ಪಿರಿಟ್ ಅದ್ದಿ ಡ್ರೈವಿನ ಹೊಟ್ಟೆಯೊಳಗೆಲ್ಲ ಒರೆಸಿದ. ಮೊದಲ ಫ್ಲಾಪಿ ಕೆಮ್ಮದೆ ಇಳಿಯಿತು. ಎರಡನೆಯದು ಅರ್ಧ ಇಳಿದಾಗ ಲೋಟ ಖಾಲಿ. ಅವನು ತಾನೇ ಓಡಿಹೋಗಿ ಇನ್ನೊಂದು ಲೋಟ ತುಂಬಿ ತಂದ. ಮೂರನೆಯ ಫ್ಲಾಪಿಗೆ ಮತ್ತೊಂದು. “ಚಾಲಂಡಿ, ಚಾಲು” ಎಂದು ಕಾಮೇಶ್ವರ ಸಾಕು ಸಾಕೆಂದು ಕೈ ಅಡ್ಡ ಹಿಡಿದರೂ ಬಿಡಲಿಲ್ಲ. ಅತಿಥಿಯ ಹೊಟ್ಟೆಯೂ ಹಾರ್ಡ್ ಡಿಸ್ಕೂ ಒಟ್ಟಿಗೇ ತುಂಬಿದವು. ಪರದೆಯ ಮೇಲೆ ಇಟ್ಟಿಗೆಯ ಗೋಡೆ ಎದ್ದು ನಿಂತಿತು.

ವಿಜಯಿಯು ಅಂಗಿಯ ತೋಳು ಮಡಚಿ ಆಡಲು ಕೂತ. ಮೊದಲ ಚೆಂಡು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಬೀಳುವ ಮುಂಚೆ ಎರಡು ಇಟ್ಟಿಗೆ ಒಡೆಯಿತು. ಒಟ್ಟು ಅಂಕ ಇಪ್ಪತ್ತು. ಆಟ ಚಿಕ್ಕದಾದರೂ ಚೆನ್ನಾಗಿದೆ ಎಂದು ಕಾಮೇಶ್ವರ ಮರ್ಯಾದೆಗೆ ಮೆಚ್ಚಿಕೊಂಡ.

“ಸ್ವಲ್ಪ ಏಳಿ” ಎಂದಳು ಪದ್ಮಾ.

ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಹಲಗೆ ಅವಳ ಬೆರಳಿಗೇ ಅಂಟಿಕೊಂಡಂತೆ ಓಡಾಡಿತು. ಗೋಡೆಯೊಂದು ಉರುಳಿತು, ಅದರ ಹಿಂದಿನದೂ ಉರುಳಿತು. ನಡುವೆ ಬಾಗಿಲ ಕಡೆ ತಿರುಗಿ, ಇದು ಕೊಡುವ ಸಾಮಾನಲ್ಲ ಎಂದು ಕಾಮೇಶ್ವರನನ್ನು ಕಳಿಸಿಯೂ ಕೊಟ್ಟಳು. ಚೆಂಡು ಬೀಳಲಿಲ್ಲ.

“ನಿಂಗೆ ಇದು ಯಾವಾಗ ಬಂತೇ?”

“ನೀವು ಬ್ಯಾಂಕಿಗೆ ಹೋದ್ಮೇಲೆ. ನಂಗೆ ತೆಲುಗು ಬರ್ತಿರ್ಲಿಲ್ಲ, ಮಾತಾಡೋಕೆ ಒಬ್ರೂ ಇರ್ಲಿಲ್ಲ. ವಿಜಯವಾಡದ ಮಧ್ಯಾಹ್ನ ಎಷ್ಟು ಉದ್ದ ಇರ್ತಿತ್ತು ಗೊತ್ತಾ ನಿಮ್ಗೆ?”

ಅವನಿಗೆ ಗೊತ್ತಿರಲಿಲ್ಲ. “ಒಂದಿನಾನೂ ಹೇಳ್ಲಿಲ್ವಲ್ಲ” ಎಂದ.

“ನೀವು ಅಷ್ಟು ಖುಷಿಯಾಗಿ ಎಲ್ರಿಗೂ ಹೇಳ್ಕೊಂಡು ಓಡಾಡ್ತಿದ್ರಿ. ನಾನ್ಯಾಕೆ ಹೇಳ್ಲಿ?”

ಇದ್ದಕ್ಕಿದ್ದಂತೆ ಅವಳು ಗುಂಡಿಯೊತ್ತಿ ಆಟ ನಿಲ್ಲಿಸಿದಳು. ಒಂದು ಚೆಂಡೂ ಕಳೆದಿರಲಿಲ್ಲ. “ಸಾರಿಗೆ ಒಗ್ಗರಣೆ ಹಾಕ್ಬೇಕು. ಇನ್ನೊಂದು ಇಟ್ಟಿಗೆ ಒಡೆದ್ರೆ ನಿಮ್ಗೆ ಊಟ ಸೇರಲ್ಲ” ಎಂದು ಅವನ ಕೆನ್ನೆಯ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ ಒಳಗೆ ಹೋದಳು.

ಬಾಲಚಂದ್ರ ಕನ್ನಡಕ ಏರಿಸಿ ಪರದೆ ನೋಡಿದ. ಚೆಂಡು ಇಟ್ಟಿಗೆಯ ಕೆಳಗೆ ಬೆರಳಷ್ಟು ದೂರದಲ್ಲಿ ಸ್ತಬ್ಧವಾಗಿ ನಿಂತಿತ್ತು. ಮೂಲೆಯಲ್ಲಿ ಅಂಕ ಮಿನುಗುತ್ತಿತ್ತು: ಹದಿಮೂರು ಸಾವಿರದ ನಾನೂರ ಹತ್ತು.