ಬೆರಳು ತೋರಿಸಬಾರದ ಕುಂಬಳಕಾಯಿ

ತಿಳಿ ಹಳದಿ ದುಪಟ್ಟಾ, ನಾಲ್ಕು ಮೂಲೆಗೆ ನಾಲ್ಕು ಬಟ್ಟೆ ಕ್ಲಿಪ್ಪು. ಒಂದು ಕ್ಲಿಪ್ಪಿನ ಸ್ಪ್ರಿಂಗ್ ಸಡಿಲವಾಗಿದ್ದರಿಂದ ಅದಕ್ಕೆ ದಾರ ಬೇರೆ ಸುತ್ತಿದ್ದೆ. ಇಷ್ಟೆಲ್ಲ ಏರ್ಪಾಡು ಒಣಹಾಕಿದ ಬಟ್ಟೆಗಲ್ಲ. ಹಿತ್ತಲಿನ ಬಚ್ಚಲುಮನೆಯ ತಗಡಿನ ಮೇಲೆ ಬಳ್ಳಿ ಹಬ್ಬಿಸಿಕೊಂಡು ಕೂತಿದ್ದ ಒಂದೇ ಒಂದು ಕುಂಬಳಕಾಯಿಗೆ. ಬೆಳೆಯುವ ಕುಂಬಳಕಾಯಿಯನ್ನು ಬೆರಳು ಮಾಡಿ ತೋರಿಸಿದರೆ ಅದು ಕೊಳೆಯುತ್ತದೆ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ನಮ್ಮ ಬಚ್ಚಲುಮನೆಯೋ ಓಣಿಗೆ ಪೂರ್ತಿ ಕಾಣುವಂತಿದೆ. ಓಣಿಯಲ್ಲಿ ಬೆರಳುಗಳಿಗೇನು ಬರ?

ನಾನು ಓದಿದ್ದು ಸಂಖ್ಯಾಶಾಸ್ತ್ರ, ಪಾಠ ಮಾಡುವುದೂ ಅದನ್ನೇ. ಎರಡು ಸಂಗತಿಗಳು ಒಟ್ಟಿಗೆ ನಡೆದವು ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ನಡೆಯಿತು ಎನ್ನಬಾರದು ಎಂದು ಪ್ರತಿ ವರ್ಷ ಮಕ್ಕಳಿಗೆ ಒತ್ತಿ ಒತ್ತಿ ಹೇಳುತ್ತೇನೆ. ಹಾಗೆ ಹೇಳಿ ಮನೆಗೆ ಬಂದು, ಏಣಿ ಹತ್ತಿ, ದುಪಟ್ಟಾ ಸರಿಯಾಗಿದೆಯೇ ಎಂದು ನೋಡುತ್ತಿದ್ದೆ. ಇದಕ್ಕೆ ನನ್ನ ಸಮರ್ಥನೆ ಇಷ್ಟೇ: ನನಗೆ ನಂಬಿಕೆ ಇಲ್ಲ, ಆದರೆ ನಮ್ಮ ಅತ್ತೆಯವರಿಗೆ ಇದೆ. ಜೊತೆಗೆ, ಆ ಕಾಯಿಯ ಬಗ್ಗೆ ನನಗೆ ಸ್ವಲ್ಪ ಸಹಾನುಭೂತಿಯೂ ಇತ್ತು. ಸೊರಬದಿಂದ ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಹೊಸದರಲ್ಲಿ ಇದೇ ಓಣಿ ನನ್ನನ್ನೂ ಬೆರಳು ಮಾಡಿ ತೋರಿಸಿತ್ತು. "ಆ ಮಾತಾಡದ ಹುಡುಗಿ ಇವ್ಳೇ ನೋಡ್ರಿ" ಎಂದು. ಒಂದು ದುಪಟ್ಟಾ ಹೊದ್ದು ತಗಡಿನ ಮೇಲೆ ಕೂತುಬಿಡುವ ಅನುಕೂಲ ಆಗ ನನಗೆ ಇರಲಿಲ್ಲ.

ಕಾಯಿಗೆ ಇಷ್ಟು ಮಹತ್ವ ಬಂದದ್ದು ಭೂಮಿ ಹುಣ್ಣಿಮೆಯಿಂದ. ಭತ್ತ ಹೊಡೆ ತುಂಬಿ ತೆನೆ ಬಿಡುವ ಆ ದಿನಗಳಲ್ಲಿ ಭೂಮಿತಾಯಿ ಬಸುರಿ ಎಂದು ಲೆಕ್ಕ. ಹುಣ್ಣಿಮೆಯ ದಿನ ನಾವು ಉಡುತಡಿ ದಾರಿಯ ನಮ್ಮ ಗದ್ದೆಗೆ ಹೋಗಿ, ಬಯಕೆಯ ಊಟವನ್ನು ಮೂಲೆಮೂಲೆಗೂ ಚೆಲ್ಲಿ ಬರುತ್ತೇವೆ. ಆ ಊಟಕ್ಕೆ ಕುಂಬಳಕಾಯಿಯ ಕಡುಬು ಆಗಲೇಬೇಕು, ಅದೂ ಹಿತ್ತಲಲ್ಲಿ ಬೆಳೆದದ್ದೇ ಆಗಬೇಕು ಎಂಬುದು ಅತ್ತೆಯ ಆಸೆ. ಹಿಂದಿನ ಎರಡು ವರ್ಷವೂ ಕಾಯಿಗಳು ನಿಂಬೆಹಣ್ಣಿನ ಗಾತ್ರಕ್ಕೆ ಬಂದು ಉದುರಿದ್ದವು. ಸಂತೆಯ ಕಾಯಿಯ ಕಡುಬನ್ನು ಚೆಲ್ಲಿ ಬಂದ ಅತ್ತೆ, ಬೇರೆಯವರ ಮನೆಯ ಸೀರೆ ಉಡಿಸಿ ಮಗಳಿಗೆ ಸೀಮಂತ ಮಾಡಿದವರ ಹಾಗೆ ದಿನವೆಲ್ಲ ಸಪ್ಪಗಿದ್ದರು. ಅದನ್ನು ನೋಡಿ ಈ ವರ್ಷ ನಾನೇ ಹೊಣೆ ಹೊತ್ತೆ. ಓಣಿ ಏಳುವ ಮೊದಲೇ ಏಣಿ ಹತ್ತಿ, ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿ, ಯಾರೂ ನೋಡಲಿಲ್ಲವಷ್ಟೇ ಎಂದು ಸುತ್ತ ಕಣ್ಣಾಡಿಸಿ ಇಳಿಯುತ್ತಿದ್ದೆ. ಅಷ್ಟೆಲ್ಲ ಮದುವೆಗಳಲ್ಲಿ ಫಲ ಕೊಟ್ಟದ್ದು ಒಂದೇ. ಅತ್ತೆ ಆಗಲೇ ಓಣಿಗೆಲ್ಲ ಹೇಳಿಬಿಟ್ಟಿದ್ದರು: "ಈ ಸಲ ನಮ್ಮ ಸೊಸಿ ಬೆಳೆದ ಕಾಯಿ ರೀ."

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಅನ್ನಕ್ಕೆ ಸಾರು ಕಲಸುತ್ತಿದ್ದಾಗ ಆಕಾಶ ಮಸಿ ಬಳಿದಂತಾಯಿತು. ಗಾಳಿ ಬಂದದ್ದು ಕದ ತಟ್ಟಿಯಲ್ಲ, ಕದವನ್ನೇ ಗೋಡೆಗೆ ಬಡಿದು. ಕರೆಂಟು ಹೋಯಿತು. ಹಂಚಿನ ಸಂದಿಗಳಿಂದ ನೀರು ಇಳಿಯತೊಡಗಿತು. ನಾನು ಸೋರುವ ವೇಗ ನೋಡಿ ಅದಕ್ಕೆ ತಕ್ಕ ಗಾತ್ರದ ಪಾತ್ರೆಗಳನ್ನು ಇಡುತ್ತಿದ್ದರೆ ಅತ್ತೆ, "ಹಾಲಿನ ಪಾತ್ರೆ ತಗೀ ಅತ್ಲಾಗೆ, ಬಕೀಟು ಇಡು. ಮಳಿಗೇನು ಅಳತಿ ಗೊತ್ತೈತೇನು?" ಎಂದರು. ಅಷ್ಟರಲ್ಲಿ ಸೊರಬದಿಂದ ಅಮ್ಮನ ಫೋನು. "ಅಲ್ಲಿ ಎಂತ ಮಳೆನೇ? ಇಲ್ಲಿ ತೊಟ್ಟೂ ಇಲ್ಲ. ಬಟ್ಟೆ ಒಳಗೆ ತಂದ್ಯಾ?" ಬಟ್ಟೆಯನ್ನೆಲ್ಲ ತಂದಿದ್ದೇನೆ ಎಂದೆ. ಎನ್ನುತ್ತಿದ್ದಂತೆಯೇ, ತಾರದೇ ಇದ್ದ ಒಂದು ಬಟ್ಟೆ ಕಿಟಕಿಯ ಆಚೆ ಹಳದಿ ಹಕ್ಕಿಯಂತೆ ಹಾರಿಹೋಯಿತು. ಅದರ ಹಿಂದೆಯೇ ಲಟಲಟ ಎಂದು ನುಗ್ಗೆಮರ ಮುರಿದು ಬೇಲಿಯ ಮೇಲೆ ಮಲಗಿತು. ಬಚ್ಚಲುಮನೆಯ ತಗಡು ಒಂದು ಕಡೆ ಎದ್ದು, ಏನೋ ಯೋಚಿಸಿದಂತೆ ನಿಂತು, ಕೆಳಗೆ ಬಿತ್ತು. ಅತ್ತೆ ಒದ್ದೆ ನೆಲದ ಮೇಲೆ ಕೂತು, ಕಡುಬಿಗೆಂದು ತೊಳೆದಿಟ್ಟಿದ್ದ ಪಾತ್ರೆಯನ್ನೇ ಸೋರುವಲ್ಲಿಗೆ ಸರಿಸಿದರು.

ಮಳೆ ನಿಂತದ್ದೇ ತಡ ಹಿತ್ತಲಿಗೆ ಓಡಿದೆ. ಬೇಲಿ ಇಲ್ಲದ ಹಿತ್ತಲು ಓಣಿಯದೇ ಒಂದು ಭಾಗವಾಗಿತ್ತು. ಓಣಿಯೂ ಆಗಲೇ ಒಳಗೆ ಬಂದಿತ್ತು. ಪಕ್ಕದ ಮನೆಯ ಗಿರಿಜಕ್ಕ, ಅವರ ಹಿಂದೆ ಇನ್ನಷ್ಟು ಹೆಂಗಸರು, ಕೊನೆಗೆ ಕುರಿ ಸಾಕಿರುವ ಬಸಣ್ಣ, ಕೈಯಲ್ಲಿ ಮಚ್ಚು, ಬೆನ್ನಿಗೆ ಕುರಿಗಳು. "ಮರ ನಾ ಕಡಿತೀನ್ರಿ, ಸೊಪ್ಪು ನಮ್ಮ ಕುರಿ ತಿಂತಾವೆ, ಹಿತ್ಲು ಸ್ವಚ್ಛ ಆಕ್ಕತಿ" ಎಂದ. ಹೇಳುವುದರೊಳಗೆ ಕುರಿಗಳು ಕೆಲಸ ಶುರು ಮಾಡಿದ್ದವು.

"ಅಯ್ಯ, ಕಾಯಿ ಅಲ್ಲೈತೆ ನೋಡ್ರಿ!" ಎಂದರು ಗಿರಿಜಕ್ಕ, ಗದ್ದ ಮುಂದೆ ಚಾಚಿ. ತಗಡಿನಿಂದ ಜಾರಿದ ಕಾಯಿ ಕೆಳಗಿನ ತರಗೆಲೆಯ ಗುಂಡಿಗೆ ಬಿದ್ದು, ಮೈಮೇಲೆ ನೂಲೂ ಇಲ್ಲದೆ ಎಲ್ಲರೆದುರು ಕೂತಿತ್ತು. ಬಳ್ಳಿ ಮಾತ್ರ ಕಿತ್ತುಹೋಗಿತ್ತು. ಮುಂದಿನ ದೃಶ್ಯವನ್ನು ನೀವು ನೋಡಬೇಕಿತ್ತು. ಪ್ರತಿಯೊಬ್ಬರಿಗೂ ಅದನ್ನು ಪಕ್ಕದವರಿಗೆ ತೋರಿಸಬೇಕು, ಆದರೆ ಯಾರೂ ಬೆರಳು ಎತ್ತುವಂತಿಲ್ಲ. ಒಬ್ಬರು ಮೊಣಕೈಯಿಂದ ತೋರಿಸಿದರು, ಒಬ್ಬರು ಹುಬ್ಬಿನಿಂದ, ಒಬ್ಬರು ಮಡಚಿದ ಛತ್ರಿಯಿಂದ. ಬಸಣ್ಣ ಮುಷ್ಟಿ ಕಟ್ಟಿ ತೋರಿಸಿದ್ದನ್ನು ದೂರದಿಂದ ನೋಡಿದವರು ಜಗಳವೆಂದೇ ತಿಳಿಯಬಹುದಿತ್ತು. ನನ್ನ ಕಾಯಿಗೆ ಓಣಿಯವರು ತೋರಿದ ಮರ್ಯಾದೆ ಕಂಡು ನನಗೆ ನಾಚಿಕೆಯಾಯಿತು. ಇವರಿಗೆ ಹೆದರಿಯೇ ನಾನು ದುಪಟ್ಟಾ ಹೊದಿಸಿದ್ದೆನೇ?

ಬಸಣ್ಣ ಮರದ ಕಡೆ ತಿರುಗಿದ. ಆಗ ಒಂದು ಕಪ್ಪು ಕುರಿ ನುಗ್ಗೆಸೊಪ್ಪು ಸಾಕಾಯಿತೆಂಬಂತೆ ಗುಂಡಿಯ ಕಡೆ ನಡೆದು, ಕುಂಬಳದ ಎಲೆಗಳನ್ನು ಮೇಯುತ್ತ, ಕಾಯಿಗೆ ಮೂತಿ ತಾಗಿಸಿ ಬಾಯಿ ತೆರೆಯಿತು.

"ಬಸಣ್ಣಾ! ಅಲ್ಲಿ! ಕುಂಬಳಕಾಯಿ! ನಮ್ಮ ಕುಂಬಳಕಾಯಿ!"

ಕುರಿಯೇ ಬೆಚ್ಚಿ ಹಿಂದೆ ಸರಿಯಿತು. ಆ ಓಣಿ ನನ್ನ ದನಿಯನ್ನು ಅಷ್ಟು ಎತ್ತರದಲ್ಲಿ ಕೇಳಿದ್ದು ಅದೇ ಮೊದಲು. ಆಮೇಲೆ ಎಲ್ಲರ ತಲೆಗಳೂ ಒಟ್ಟಿಗೆ ತಿರುಗಿದವು. ಅವರು ನೋಡುತ್ತಿದ್ದುದು ಕಾಯಿಯನ್ನಲ್ಲ, ಕುರಿಯನ್ನೂ ಅಲ್ಲ. ನನ್ನ ಬಲಗೈಯನ್ನು. ಅದರ ತೋರುಬೆರಳು, ಕಪ್ಪುಹಲಗೆಯ ಮೇಲಿನ ತಪ್ಪನ್ನು ತೋರಿಸುವಾಗ ನಿಲ್ಲುವಂತೆ, ನೆಟ್ಟಗೆ, ಸ್ಪಷ್ಟವಾಗಿ ಕುಂಬಳಕಾಯಿಯ ಕಡೆ ನಿಂತಿತ್ತು.

"ಕಚ್ಕೊಳ್ರಿ, ಲಗೂನ ಬೆರಳು ಕಚ್ಕೊಳ್ರಿ!" ಎಂದು ಗಿರಿಜಕ್ಕ ಪರಿಹಾರ ಹೇಳಿದರು. ಸ್ನಾತಕೋತ್ತರ ಪದವೀಧರೆಯಾದ ನಾನು ಓಣಿಯ ಸಮಕ್ಷಮ ನನ್ನ ಬೆರಳನ್ನು ಕಚ್ಚಿಕೊಂಡೆ. "ಇನ್ನೂ ಜೋರು" ಎಂದರು ಹಿಂದಿನಿಂದ ಯಾರೋ. ಅತ್ತೆ ಮಾತ್ರ ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದು, ಕಾಯಿಯನ್ನು ಮಗುವಿನಂತೆ ಸೊಂಟಕ್ಕೆ ಏರಿಸಿಕೊಂಡು ಬಂದರು. "ಸಾಕು ಬಿಡ್ರಿ, ಹುಡುಗಿ ಬೆರಳು ತುಂಡಾದೀತು. ಕಡುಬು ನಾಳೆನೇ ಮಾಡೋದು. ಕೊಳಿಯಾಕೆ ಇದಕ್ಕೆ ಪುರುಸೊತ್ತೆಲ್ಲೈತೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೆರಳು ಇನ್ನೂ ಬಾಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾಗ ಕಾಯಿ ಹೆಚ್ಚಲು ಕೂತೆ. ಈಳಿಗೆಗೆ ಕೊಟ್ಟ ಕೂಡಲೇ ಎರಡು ಹೋಳಾಯಿತು. ಒಳಗೆ ಅರಿಸಿನ ಕಲಸಿದ ಬಣ್ಣ, ಸಿಹಿ ವಾಸನೆ, ಗಟ್ಟಿ ತಿರುಳು. ತೊಟ್ಟಿನ ಹತ್ತಿರ ಮಾತ್ರ, ಸರಿಯಾಗಿ ಒಂದು ಬೆರಳ ತುದಿಯಷ್ಟು ಜಾಗ, ಮೆತ್ತಗಾಗಿ ಕಂದಿತ್ತು. ಅಷ್ಟು ಎತ್ತರದಿಂದ ಬಿದ್ದ ಕಾಯಿ ಒಂದು ಕಡೆ ಜಜ್ಜಿರುವುದು ತೀರಾ ಸಹಜ. ಇದಕ್ಕೂ ನನ್ನ ಬೆರಳಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಯಾವ ತರಗತಿಯಲ್ಲಿ ಬೇಕಾದರೂ ನಿಂತು ಸಾಧಿಸಬಲ್ಲೆ. ಆ ತುಣುಕನ್ನು ಚಮಚದಿಂದ ನೀಟಾಗಿ ಕೆತ್ತಿ ತೆಗೆದೆ, ಅಂಗೈಯಲ್ಲಿ ಮುಚ್ಚಿಕೊಂಡೆ, ಬೇಲಿ ಬಿದ್ದ ಜಾಗದಿಂದ ಸದ್ದಿಲ್ಲದೆ ಓಣಿಗೆ ಇಳಿದೆ, ಅಲ್ಲಿ ಕಟ್ಟಿದ್ದ ಬಸಣ್ಣನ ಕಪ್ಪು ಕುರಿಯ ಬಾಯಿಗಿಟ್ಟೆ. ಅದು ನುಂಗುವವರೆಗೂ ನಿಂತು ನೋಡಿ ಬಂದೆ.